ತುಟಿ 36ರದು, ದನಿ 72ರದು

ಹಳ್ಳದ ದಡ. ಇಬ್ಬರು ಗಂಡಸರು ದಣಿವಾರಿಸಿಕೊಳ್ಳುತ್ತಿದ್ದಾರೆ. ಒಬ್ಬ ಬ್ಲಾಂಡಿ, ಇನ್ನೊಬ್ಬ ಏಂಜಲ್ ಐಸ್, ಇಬ್ಬರೂ 'ದಿ ಗುಡ್, ದಿ ಬ್ಯಾಡ್ ಅಂಡ್ ದಿ ಅಗ್ಲಿ' ಸಿನಿಮಾದ ಪಾತ್ರಗಳು. ಎಲ್ಲಿಂದಲೋ ಮೂರನೆಯವನೊಬ್ಬ ಕಾಣಿಸಿಕೊಳ್ಳುತ್ತಾನೆ, ಬ್ಲಾಂಡಿ ಅವನನ್ನು ಹೊಡೆದುರುಳಿಸುತ್ತಾನೆ. ಅಡಗಿ ಕೂತಿದ್ದ ತನ್ನ ಉಳಿದ ಬಂಟರನ್ನು ಏಂಜಲ್ ಐಸ್ ಹೊರಗೆ ಕರೆಯುತ್ತಾನೆ. ಐದು ಜನ ಬರುತ್ತಾರೆ. ಬ್ಲಾಂಡಿ ಏಂಜಲ್ ಐಸ್‌ನನ್ನೂ ಸೇರಿಸಿ ಎಣಿಸುತ್ತಾನೆ. ಒಟ್ಟು ಆರು, ಬಹಳ ಒಳ್ಳೇ ಸಂಖ್ಯೆ ಅನ್ನುತ್ತಾನೆ. ಮೂರು ಅಲ್ವಾ ಒಳ್ಳೇ ಸಂಖ್ಯೆ ಅಂತ ಅವನು ಕೇಳುತ್ತಾನೆ. ನನ್ನ ಪಿಸ್ತೂಲಿನಲ್ಲಿ ಇರುವ ಗುಂಡು ಆರು ಅಂತ ಇವನು ಹೇಳುತ್ತಾನೆ.

ಮಾತೇನೋ ಚೆನ್ನಾಗಿದೆ. ಆದರೆ ಕೇಳಿದ ಕೂಡಲೇ ಕಿವಿ ನೆಟ್ಟಗಾಗುತ್ತದೆ. ಇದು ಯಾರ ಗಂಟಲು?

ನಾನು ಈ ದೃಶ್ಯ ಮೊದಲು ನೋಡಿದ್ದು ಮನೆಯವರೆಲ್ಲ ಮಲಗಿದ ಮೇಲೆ, ಇಯರ್‌ಫೋನ್ ಹಾಕಿಕೊಂಡು. ಎರಡು ಸಲ ಹಿಂದಕ್ಕೆ ಹೋಗಿ ಕೇಳಿದೆ. ಪರದೆ ಮೇಲಿರುವ ಕ್ಲಿಂಟ್ ಈಸ್ಟ್‌ವುಡ್‌ಗೆ ವಯಸ್ಸು 36. ಕೇಳಿಸುವ ಈಸ್ಟ್‌ವುಡ್‌ಗೆ 72ರ ಆಸುಪಾಸು. ಆರರ ಜೋಕಿಗೆ ಆರಾರ್ಲಿ ಮೂವತ್ತಾರರ ಮುಖ, ಅದರ ದುಪ್ಪಟ್ಟು ವಯಸ್ಸಿನ ದನಿ. ಎದುರಿಗೆ ಕೂತ ಏಂಜಲ್ ಐಸ್ ಪಾತ್ರದ ಲೀ ವಾನ್ ಕ್ಲೀಫ್ ದನಿಯಂತೂ ಅವರದೇ ಅಲ್ಲ. ಅವರು 1989ರಲ್ಲೇ ತೀರಿಕೊಂಡಿದ್ದರು.

ಇಟಲಿಯ ನಿರ್ದೇಶಕ ಸೆರ್ಜಿಯೊ ಲಿಯೋನೆ ಅವರ 'ದಿ ಗುಡ್, ದಿ ಬ್ಯಾಡ್ ಅಂಡ್ ದಿ ಅಗ್ಲಿ' ಇಟಲಿಯಲ್ಲಿ 1966ರ ಡಿಸೆಂಬರ್‌ನಲ್ಲಿ ತೆರೆ ಕಂಡಿತು. ಮುಂದಿನ ವರ್ಷದ ಕೊನೆಗೆ ಅಮೆರಿಕಕ್ಕೆ ಬರುವಷ್ಟರಲ್ಲಿ ಅದನ್ನು ಕತ್ತರಿಸಿ 161 ನಿಮಿಷಕ್ಕೆ ಇಳಿಸಿದ್ದರು. ಕತ್ತರಿಗೆ ಬಿದ್ದ 14 ನಿಮಿಷಕ್ಕೂ ಜಾಸ್ತಿ ದೃಶ್ಯಗಳು ಇಟಾಲಿಯನ್ ಭಾಷೆಯಲ್ಲಷ್ಟೇ ಉಳಿದವು. ಎಂಜಿಎಂ ಕಂಪನಿ 1998ರ ಡಿವಿಡಿಯಲ್ಲಿ ಅವನ್ನು ಬೇರೆಯಾಗಿ, ಬಾಳೆಲೆ ತುದಿಗೆ ಉಪ್ಪಿನಕಾಯಿ ಬಡಿಸಿದ ಹಾಗೆ ಕೊಟ್ಟಿತ್ತು. ಆಮೇಲೆ 2002-03ರಲ್ಲಿ ಇಡೀ ಚಿತ್ರ ರಿಸ್ಟೋರ್ ಮಾಡುವಾಗ ಅವನ್ನು ಮತ್ತೆ ಒಳಗೇ ಹೊಲಿಯೋಣ ಅಂತ ತೀರ್ಮಾನವಾಯಿತು. ಚಿತ್ರಕ್ಕೇನೂ ತೊಂದರೆ ಇರಲಿಲ್ಲ. ಆದರೆ ಆ ದೃಶ್ಯಗಳಿಗೆ ಇಂಗ್ಲಿಷ್ ಮಾತನ್ನು ಯಾವತ್ತೂ ಡಬ್ ಮಾಡಿರಲೇ ಇಲ್ಲ.

ಶೂಟಿಂಗ್ ವೇಳೆ ಈಸ್ಟ್‌ವುಡ್ ಇಂಗ್ಲಿಷ್‌ನಲ್ಲೇ ಮಾತಾಡಿದ್ದರಲ್ಲ, ಅದೆಲ್ಲಿ ಹೋಯಿತು ಅಂತ ಯಾರಿಗಾದರೂ ಅನ್ನಿಸುತ್ತದೆ. ಅದಕ್ಕೆ ಉತ್ತರ ಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಸೆಟ್ಟಿನಲ್ಲಿ ಆಡಿದ ಮಾತು ಸೆಟ್ಟಿನಲ್ಲೇ

ಆ ಕಾಲದ ಇಟಲಿಯಲ್ಲಿ ಸೆಟ್ಟಿನಲ್ಲೇ ಶಬ್ದ ಹಿಡಿಯುವ ಪದ್ಧತಿ ಇರಲಿಲ್ಲ ಅಂದರೂ ನಡೆಯುತ್ತೆ. ಚಿತ್ರ ಮೊದಲು, ದನಿ ಆಮೇಲೆ. ಇದರ ಬೇರು 1930ರ ದಶಕದಲ್ಲಿದೆ. ಪರದೇಶದ ಸಿನಿಮಾ ಇಟಾಲಿಯನ್‌ನಲ್ಲೇ ಮಾತಾಡಬೇಕು ಅಂತ ಫ್ಯಾಸಿಸ್ಟ್ ಸರ್ಕಾರ ಕಟ್ಟುಪಾಡು ಮಾಡಿತ್ತು. ಅದರಿಂದ ಡಬ್ಬಿಂಗ್ ದೊಡ್ಡ ಕಸುಬಾಗಿ ಬೆಳೆಯಿತು. ಮುಸೊಲಿನಿ ಹೋದರೂ ಕಸುಬು ಹೋಗಲಿಲ್ಲ. ತಮ್ಮದೇ ಚಿತ್ರಗಳಿಗೂ ಅದೇ ರೂಢಿ ಬಂತು.

ಇದರಿಂದ ನಿರ್ಮಾಪಕರಿಗೆ ಬಹಳ ಅನುಕೂಲವಾಯಿತು. ದುಡ್ಡು ಇಟಲಿ, ಸ್ಪೇನ್, ಜರ್ಮನಿಯಿಂದ ಬರುತ್ತಿತ್ತು, ನಟರೂ ಅಲ್ಲಿಂದಲೇ ಬರುತ್ತಿದ್ದರು. ಪ್ರತಿಯೊಬ್ಬರೂ ತಮ್ಮ ಭಾಷೆಯಲ್ಲಿ ಮಾತು ಒಪ್ಪಿಸಿದರೆ ಮುಗಿಯಿತು. ಎದುರಿಗಿರುವವನು ಏನಂದ ಅಂತ ಅರ್ಥವಾಗದಿದ್ದರೂ ಅವನು ಬಾಯಿ ಮುಚ್ಚಿದ ಕೂಡಲೇ ಇವನು ಶುರು ಮಾಡಬೇಕು. ಲಿಯೋನೆ ಅವರಿಗೆ ಇಂಗ್ಲಿಷ್ ಬರುತ್ತಲೇ ಇರಲಿಲ್ಲ ಅನ್ನಬೇಕು. ಟುಕೊ ಪಾತ್ರದ ಈಲೈ ವಾಲಕ್ ಅವರ ಜೊತೆ ಫ್ರೆಂಚ್‌ನಲ್ಲಿ ಮಾತಾಡಿ ಕೆಲಸ ಸಾಗಿಸುತ್ತಿದ್ದರು, ಅದೂ ಹರುಕು ಮುರುಕು ಫ್ರೆಂಚ್. ಕ್ಯಾಮೆರಾ ಓಡುವಾಗಲೇ ಸೆಟ್ಟಿನಲ್ಲಿ ಮೊರ‍್ರಿಕೋನೆ ಸಂಗೀತ ಹಾಕಿಬಿಡುವುದು ಲಿಯೋನೆ ಅವರಿಗೆ ಇಷ್ಟ. ಶಬ್ದ ಹಿಡಿಯುವುದಿಲ್ಲ ಅಂದ ಮೇಲೆ ಯಾರಿಗೇನು ತೊಂದರೆ?

ಈ ಭಾಷೆಗಳ ಗಲಾಟೆ ಒಮ್ಮೆ ಸೇತುವೆಯನ್ನೇ ಹಾರಿಸಿತು. ಸ್ಪೇನ್‌ನಲ್ಲಿ ಸೇತುವೆ ಸಿಡಿಸುವ ದೃಶ್ಯಕ್ಕೆ ಅಲ್ಲಿನ ಸೈನ್ಯದ ಕ್ಯಾಪ್ಟನ್ ಒಬ್ಬರು ಸ್ಫೋಟಕ್ಕೆ ಸಿದ್ಧರಾಗಿದ್ದರು. ಇಟಲಿಯ ಕ್ಯಾಮೆರಾದವರು ನಾನು ರೆಡಿ ಅಂತ ಹೇಳಿದ್ದು ಕ್ಯಾಪ್ಟನ್ ಕಿವಿಗೆ ಸ್ಪ್ಯಾನಿಷ್‌ನ 'ಶುರು' ಅಂದ ಹಾಗೆ ಕೇಳಿಸಿತು. ಒತ್ತೇಬಿಟ್ಟರು. ಕ್ಯಾಮೆರಾ ಓಡುತ್ತಿರಲಿಲ್ಲ. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ, ಸೇತುವೆಯನ್ನು ಮತ್ತೆ ಕಟ್ಟಿ ಮತ್ತೆ ಸಿಡಿಸಿದರು.

ಹಾಗಾಗಿ 1967ರ ಇಂಗ್ಲಿಷ್ ಪ್ರತಿಯಲ್ಲಿ ಕೇಳಿಸುವ ದನಿ ಸೆಟ್ಟಿನದಲ್ಲ, ಸ್ಟುಡಿಯೋದ್ದು. ಮೂವರು ಅಮೆರಿಕನ್ ನಾಯಕರು ತಮ್ಮ ಮಾತನ್ನು ತಾವೇ ಮತ್ತೆ ಆಡಿದರು. ಉಳಿದವರಿಗೆ ಬೇರೆಯವರ ಕಂಠ. ಇಂಗ್ಲಿಷ್ ಮಾತು ಹೊಂದಿಸಿದವರು ಮಿಕ್ಕಿ ನಾಕ್ಸ್. ಕಮ್ಯುನಿಸ್ಟ್ ನಂಟಿನ ಶಂಕೆ ಇದ್ದವರಿಗೆ ಕೆಲಸ ಕೊಡದ ಹಾಲಿವುಡ್‌ನ ಕಪ್ಪುಪಟ್ಟಿಗೆ ಸಿಕ್ಕಿ ರೋಮ್ ಸೇರಿಕೊಂಡಿದ್ದ ಅಮೆರಿಕನ್ ನಟ ಅವರು.

ಹೊಂದಿಸುವ ಕೆಲಸ ಎಷ್ಟು ತಲೆನೋವಿನದು ಅಂತ ತಿಳಿಯಲು ಚಿತ್ರದ ಹೆಸರೇ ಸಾಕು. ನಮ್ಮ ಪ ಫ ಬ ಭ ಮ ನೆನಪು ಮಾಡಿಕೊಳ್ಳಿ. ಇವನ್ನು ತುಟಿ ಮುಚ್ಚದೆ ಹೇಳಲು ಆಗಲ್ಲ. ತೆರೆಯ ಮೇಲೆ ಕಳ್ಳ ಸಿಕ್ಕಿಬೀಳುವುದು ಈ ಅಕ್ಷರಗಳಲ್ಲೇ. ಇಟಾಲಿಯನ್‌ನಲ್ಲಿ ಒಳ್ಳೆಯವನು ಅಂದರೆ 'ಬ್ವೋನೊ'. ತುಟಿ ಕೂಡುತ್ತದೆ. ಇಂಗ್ಲಿಷ್‌ನ 'ಗುಡ್'ನಲ್ಲಿ ಕೂಡಲ್ಲ. 'ಬ್ರುತ್ತೊ'ದಲ್ಲಿ ಕೂಡುತ್ತದೆ, 'ಅಗ್ಲಿ'ಯಲ್ಲಿ ಇಲ್ಲ. 'ಕತ್ತೀವೊ'ದಲ್ಲಿ ಪೂರ್ತಿ ಕೂಡಲ್ಲ, 'ಬ್ಯಾಡ್' ಅನ್ನಲು ಕೂಡಲೇಬೇಕು. ಮೂರಕ್ಕೆ ಮೂರೂ ಉಲ್ಟಾ. ಸಾಲದ್ದಕ್ಕೆ ಇಟಾಲಿಯನ್ ಹೆಸರಿನಲ್ಲಿ ಕುರೂಪಿ ಎರಡನೆಯವನು, ಕೆಟ್ಟವನು ಕೊನೆಯವನು. ಇಂಗ್ಲಿಷ್‌ನಲ್ಲಿ ಆ ಕ್ರಮ ಅದಲು ಬದಲಾಯಿತು. ಅಮೆರಿಕದ ಟ್ರೇಲರ್ ಮಾಡಿದವರು ಈ ಗೊಂದಲದಲ್ಲಿ ಟುಕೊನನ್ನು ಕೆಟ್ಟವನು, ಏಂಜಲ್ ಐಸ್‌ನನ್ನು ಕುರೂಪಿ ಅಂತ ತೋರಿಸಿಬಿಟ್ಟರು.

ಮುಖ ಇದೆ, ಗಂಟಲಿಲ್ಲ

ಈ ಪ್ರಕರಣದಲ್ಲಿ ನನಗೆ ಜಾಸ್ತಿ ಕುತೂಹಲ ಇರುವುದು ನಾಯಕರ ಬಗ್ಗೆ ಅಲ್ಲ. ಪಕ್ಕದಲ್ಲಿ ನಿಂತವರ ಬಗ್ಗೆ.

ಚಿತ್ರ ಶುರುವಾದಾಗ ಖಾಲಿ ಬಯಲಿಗೆ ಅಡ್ಡ ಬರುವ ಮೊದಲ ಮುಖ ಕೆನಡಾದ ಆಲ್ ಮುಲಾಕ್ ಅವರದು. ಸುಟ್ಟ ಇಟ್ಟಿಗೆಯಂಥ ಮುಖ. ಸುಮಾರು ಹತ್ತು ನಿಮಿಷ ಯಾರೂ ಮಾತೇ ಆಡಲ್ಲ. ಟುಕೊನ ಅಣ್ಣ ಪಾದ್ರಿಯಾಗಿ ಲುಯಿಜಿ ಪಿಸ್ತಿಲ್ಲಿ, ಕುಡುಕ ಕ್ಯಾಪ್ಟನ್ ಆಗಿ ನೇಪಲ್ಸ್‌ನ ಆಲ್ಡೊ ಜುಫ್ರೆ, ಖೈದಿಗಳನ್ನು ಬಡಿಯುವ ದಢೂತಿ ಕಾರ್ಪೊರಲ್ ಆಗಿ ಮಾರಿಯೊ ಬ್ರೇಗಾ. ಇಂಗ್ಲಿಷ್ ಪ್ರತಿಯಲ್ಲಿ ನಾವು ಕೇಳುವುದು ಈ ಮೂವರು ಇಟಾಲಿಯನ್ನರ ದನಿಯಲ್ಲ. ಸಾಯುತ್ತಾ ನಿಧಿಯ ಗುಟ್ಟು ಹೇಳುವ ಬಿಲ್ ಕಾರ್ಸನ್ ಪಾತ್ರ ಅಂತೋನಿಯೊ ಕಸಾಲೆ ಅವರದು. ಇಡೀ ಕಥೆ ಅವನ ಪಿಸುಮಾತಿನ ಮೇಲೆ ನಿಂತಿದೆ. ಸ್ಮಶಾನದ ಹೆಸರು ಒಬ್ಬನಿಗೆ, ಗೋರಿಯ ಮೇಲಿನ ಹೆಸರು ಇನ್ನೊಬ್ಬನಿಗೆ. ಇಂಗ್ಲಿಷ್‌ನಲ್ಲಿ ಆ ಪಿಸುಮಾತೂ ಎರವಲು.

ಚಿಕ್ಕವರಿಗಷ್ಟೇ ಈ ಗತಿ ಅಂದುಕೊಳ್ಳಬೇಡಿ. ಜಾನ್ ಮರಿಯಾ ವೊಲೊಂತೆ ಇಟಲಿಯ ಘನ ನಟ. 1964ರ 'ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್'ನಲ್ಲಿ ಅವರೇ ಖಳನಾಯಕ. ಹೆಸರು ಮಾತ್ರ ಜಾನ್ ವೆಲ್ಸ್ ಅಂತ ಹಾಕಿದರು, ಅಮೆರಿಕನ್ ಚಿತ್ರ ಅಂತ ಜನ ನಂಬಲಿ ಅಂತ. ಇಂಗ್ಲಿಷ್‌ನಲ್ಲಿ ಬರ್ನಿ ಗ್ರಾಂಟ್ ಅವರ ದನಿ ಕೊಟ್ಟರು, ಹೋಗಲಿ. ಅವರ ಸ್ವಂತ ಭಾಷೆಯಾದ ಇಟಾಲಿಯನ್‌ನಲ್ಲೂ ನಾಂಡೊ ಗಟ್ಜೊಲೊ ಅವರ ದನಿ! ಎರಡು ವರ್ಷದ ಮೇಲೆ 'ಜಾಂಗೊ' ಬಂದಾಗ ನಾಯಕ ಫ್ರಾಂಕೊ ನೀರೊ ಅವರಿಗೂ ಇಟಾಲಿಯನ್‌ನಲ್ಲಿ ಇದೇ ಗಟ್ಜೊಲೊ. ಅಲ್ಲಿ ಖಳನ ಗಂಟಲು, ಇಲ್ಲಿ ನಾಯಕನ ಗಂಟಲು, ಎರಡೂ ಒಂದೇ. ನೀರೊ ಅವರ ಇಂಗ್ಲಿಷ್ ದನಿ ಟೋನಿ ರಸೆಲ್ ಅವರದು. ಅವರೂ ರೋಮ್‌ನಲ್ಲಿ ನೆಲೆಸಿದ್ದ ಅಮೆರಿಕನ್ ನಟ. ಇಂಥವರು ಅಲ್ಲಿ ಎಷ್ಟಿದ್ದರು ಅಂದರೆ ಇಂಗ್ಲಿಷ್ ಡಬ್ಬಿಂಗ್ ಕಲಾವಿದರದ್ದೇ ಒಂದು ಸಂಘ ಇತ್ತು. ಸಾಮಾನ್ಯವಾಗಿ ತೆರೆಯ ಮೇಲೆ ಅವರ ಹೆಸರು ಬರುತ್ತಿರಲಿಲ್ಲ.

ನಮ್ಮಲ್ಲಿ ಇದಕ್ಕೆ ಕಂಠದಾನ ಅಂತ ಎಷ್ಟು ಚೆಂದದ ಪದ ಇದೆ. ಬೇರೆ ಊರಿನ ನಾಯಕಿಯ ಬಾಯಲ್ಲಿ ಅಚ್ಚ ಕನ್ನಡ ಕೇಳಿ ಬೆಳೆದವರು ನಾವು. ದಾನ ಕೊಟ್ಟವರು ಯಾರು ಅಂತ ಎಷ್ಟು ಸಲ ಹುಡುಕಿದ್ದೇವೆ?

ಇಟಲಿಯಲ್ಲಿ ಪರಿಸ್ಥಿತಿ ಸ್ವಲ್ಪ ಬೇರೆ. ಅಲ್ಲಿ ಕಂಠದ ಕಲಾವಿದರೇ ತಾರೆಯರು. ಈಸ್ಟ್‌ವುಡ್‌ಗೆ ದನಿ ಕೊಟ್ಟ ಎನ್ರಿಕೊ ಮರಿಯಾ ಸಲೆರ್ನೊ ಹೆಸರಾಂತ ನಟ. ವಾನ್ ಕ್ಲೀಫ್‌ಗೆ ದನಿ ಕೊಟ್ಟ ಎಮಿಲಿಯೊ ಚಿಗೋಲಿ ಇಟಲಿಯ ಜನಕ್ಕೆ ಜಾನ್ ವೇಯ್ನ್ ದನಿಯೂ ಹೌದು. ವಾಲಕ್‌ಗೆ ಕಾರ್ಲೊ ರೊಮಾನೊ. ಹಳ್ಳದ ದಡದ ದೃಶ್ಯ ಇಟಾಲಿಯನ್‌ನಲ್ಲಿ ಕೇಳಿ ನೋಡಿ. ಸಲೆರ್ನೊ ಮತ್ತು ಚಿಗೋಲಿ ಆರು, ಮೂರು ಅಂತ ಮಾತಾಡುತ್ತಾರೆ, ಎಲ್ಲೂ ಎಡವುವುದಿಲ್ಲ. ಎರಡೂ ಪರರ ದನಿ. ಆದರೆ ಒಂದೇ ವರ್ಷದ ದನಿ.

ಮೂರು ದಾರಿ ಇತ್ತು

ರಿಸ್ಟೋರ್ ಮಾಡುವವರ ಮುಂದೆ ಸುಲಭದ ದಾರಿ ಒಂದಿತ್ತು. ಆ ತುಣುಕುಗಳನ್ನು ಇಟಾಲಿಯನ್‌ನಲ್ಲೇ ಬಿಟ್ಟು ಕೆಳಗೆ ಅಕ್ಷರ ಹಾಕುವುದು. ಆದರೆ ಬ್ಲಾಂಡಿ ಒಂದು ದೃಶ್ಯದಲ್ಲಿ ಇಂಗ್ಲಿಷ್, ಮುಂದಿನದರಲ್ಲಿ ಇಟಾಲಿಯನ್ ಮಾತಾಡಿದರೆ ಓಟ ಮುರಿಯುತ್ತದೆ. ಇನ್ನೊಂದು, ಮೂವರಿಗೂ ಅನುಕರಣೆ ಮಾಡುವ ಕಲಾವಿದರನ್ನು ಹಾಕುವುದು. ಮೂರನೆಯದು, ಬದುಕಿರುವ ನಟರನ್ನೇ ಕರೆಸುವುದು.

ಅವರು ಮೂರನೆಯದನ್ನೇ ಆರಿಸಿದರು. ಈಸ್ಟ್‌ವುಡ್ ಬಂದರು. ವಾಲಕ್ ಬಂದರು, ಆಗ ಅವರಿಗೆ 86-87. ವಾನ್ ಕ್ಲೀಫ್ ಜಾಗಕ್ಕೆ ಸೈಮನ್ ಪ್ರೆಸ್ಕಾಟ್ ಅನ್ನುವ ಕಂಠ ಕಲಾವಿದರು ಬಂದರು. ತೀರಿಕೊಂಡಿದ್ದ ಬೇರೆ ನಟರ ಮಾತಿಗೂ ಹೊಸ ಗಂಟಲುಗಳು ಬಂದವು. ಈ ಉದ್ದದ ಇಂಗ್ಲಿಷ್ ಪ್ರತಿ 2003ರ ಮೇ ತಿಂಗಳಲ್ಲಿ ಅಮೆರಿಕದ ಎಎಂಸಿ ಚಾನೆಲ್‌ನಲ್ಲಿ ಬಂತು, 2004ರಲ್ಲಿ ಎರಡು ಡಿಸ್ಕಿನ ಡಿವಿಡಿಯಾಯಿತು.

ಕಾಗದದ ಮೇಲೆ ಇದಕ್ಕಿಂತ ಪ್ರಾಮಾಣಿಕ ದಾರಿ ಇಲ್ಲ, ಅಲ್ವಾ? ಅವರ ಪಾತ್ರ, ಅವರ ದನಿ. ಬಂದ ಫಲಿತಾಂಶ ಮಾತ್ರ ತಲೆಕೆಳಗು. ಇಡೀ ಸೇರ್ಪಡೆಯಲ್ಲಿ ಅತಿ ಸುಳ್ಳು ಅನ್ನಿಸುವುದು ಈಸ್ಟ್‌ವುಡ್ ಅವರ ಸ್ವಂತ ದನಿ.

ಯಾಕೆ ಅಂತ ಬಹಳ ಯೋಚಿಸಿದೆ. ವಯಸ್ಸಾದಂತೆ ಗಂಟಲಿನ ತಂತಿ ಬಿಗಿ ಕಳೆದುಕೊಳ್ಳುತ್ತದೆ, ಉಸಿರು ಮಾತಿನ ನಡುವೆ ಸೋರುತ್ತದೆ. ಅದು ಎಲ್ಲರಿಗೂ ಗೊತ್ತಿರುವ ವಿಷಯ. ರೆಕಾರ್ಡಿಂಗ್‌ನದೂ ಒಂದು ಪಾಲಿದೆ. 1967ರ ದನಿ ಹಳೇ ಫಿಲ್ಮಿನ ಧ್ವನಿಪಟ್ಟಿಯದು, ತುಸು ಒರಟು, ತುಸು ಡಬ್ಬದೊಳಗಿಂದ ಬಂದ ಹಾಗೆ. ಹೊಸದು ತೊಳೆದಿಟ್ಟ ಸ್ಟೀಲ್ ಲೋಟದ ಹಾಗೆ ಸ್ವಚ್ಛ. ಬಯಲಿನಲ್ಲಿ ಕೂತವನು ಕೋಣೆಯೊಳಗೆ ಮಾತಾಡಿದಂತೆ ಕೇಳುತ್ತದೆ. ಆದರೆ ಇವೆರಡೇ ಕಾರಣವಾಗಿದ್ದರೆ ವಾಲಕ್ ಅವರ ದನಿ ಇನ್ನೂ ಕೆಡಬೇಕಿತ್ತು. ಅವರು ಹದಿನೈದು ವರ್ಷ ದೊಡ್ಡವರು.

ವಾಲಕ್ ಹೇಗೋ ಗೆಲ್ಲುತ್ತಾರೆ. ಟುಕೊ ಕೋಳಿ ಹಿಡಿದುಕೊಂಡು ಗುಹೆಗೆ ಹೋಗಿ ಹಳೇ ದೋಸ್ತಿಗಳನ್ನು ಸೇರಿಸಿಕೊಳ್ಳುವ ದೃಶ್ಯ ಕೇಳಿ. ದನಿ ಮುದುಕನದೇ, ಅನುಮಾನವೇ ಇಲ್ಲ. ಅಲ್ಲಲ್ಲಿ ದಮ್ಮು ಸಾಲಲ್ಲ. ಆದರೂ ಟುಕೊ ಅಂದರೆ ಬಾಯಿ. ಬೈಯುತ್ತಾನೆ, ಗೋಗರೆಯುತ್ತಾನೆ, ಪುಸಲಾಯಿಸುತ್ತಾನೆ, ಗೊಣಗುತ್ತಾನೆ. ಆ ಏರಿಳಿತವನ್ನು ವಾಲಕ್ ಮರೆತಿಲ್ಲ. ವಯಸ್ಸು ನಟನೆಯ ಹಿಂದೆ ಅಡಗಿಕೊಳ್ಳುತ್ತದೆ. (ಈ ಗುಹೆಯ ದೃಶ್ಯವನ್ನು ಲಿಯೋನೆ ಅವರೇ ರೋಮ್‌ನ ಪ್ರದರ್ಶನದ ಬಳಿಕ ತೆಗೆದಿದ್ದರು. ನಿರ್ದೇಶಕರೇ ಬೇಡ ಅಂದದ್ದನ್ನು ವಾಪಸ್ ಹಾಕಿದ್ದು ನನಗೆ ಸರಿ ಕಾಣಲ್ಲ. ಅದು ಬೇರೆ ಜಗಳ.)

ಬ್ಲಾಂಡಿಗೆ ಆ ಮರೆ ಇಲ್ಲ. ಅವನು ಆಡುವುದೇ ನಾಲ್ಕು ಮಾತು, ಅದೂ ಹಲ್ಲಿನ ಸಂದಿಯಿಂದ. ಅಲ್ಲಿ ದನಿಯ ಬಣ್ಣವೇ ನಟನೆ. ಆ ಬಣ್ಣ ಮಾಸಿದರೆ ಹಿಡಿದುಕೊಳ್ಳಲು ಬೇರೇನೂ ಉಳಿಯಲ್ಲ. ನಮ್ಮ ಕಿವಿಗೂ 1967ರ ಆ ಬಣ್ಣ ಅಂಟಿಕೊಂಡುಬಿಟ್ಟಿದೆ. ಹತ್ತು ನಿಮಿಷದ ಹಿಂದಷ್ಟೇ ಕೇಳಿರುತ್ತೇವೆ, ಇನ್ನು ಎರಡು ನಿಮಿಷಕ್ಕೆ ಮತ್ತೆ ಕೇಳುತ್ತೇವೆ. ನಡುವೆ ಒಬ್ಬ ತಾತ ಬಂದು ಹೋದ ಹಾಗಾಗುತ್ತದೆ.

ಹಾಳು ಕೋಟೆಯ ಸಾರ್ಜೆಂಟ್

ಈಗ ಇನ್ನೊಂದು ತುಣುಕು. ಏಂಜಲ್ ಐಸ್ ಬಿಲ್ ಕಾರ್ಸನ್‌ನನ್ನು ಹುಡುಕುತ್ತಾ ಫಿರಂಗಿ ಏಟಿಗೆ ಕುಸಿದ ಕೋಟೆಯೊಂದಕ್ಕೆ ಬರುತ್ತಾನೆ. ಕಥೆ ನಡೆಯುವುದು ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳ ಅಂತರ್ಯುದ್ಧದ ಕಾಲದಲ್ಲಿ, ಕೋಟೆ ದಕ್ಷಿಣದವರದು. ಗಾಯಾಳುಗಳು, ಹಸಿದವರು ಬಿದ್ದುಕೊಂಡಿದ್ದಾರೆ. ಅಲ್ಲೊಬ್ಬ ಸಾರ್ಜೆಂಟ್ ಇದ್ದಾನೆ. ಒಂದು ಬಾಟಲಿ ಮದ್ಯ ಕೊಟ್ಟ ಮೇಲೆ ಬಾಯಿ ಬಿಡುತ್ತಾನೆ. ಕಾರ್ಸನ್ ಸೆರೆ ಸಿಕ್ಕಿದ್ದರೆ ಯಾವ ಶಿಬಿರದಲ್ಲಿ ಇರಬಹುದು ಅಂತ ಸುಳಿವು ಸಿಗುವುದು ಅವನಿಂದ.

ಈ ದೃಶ್ಯ ಇಲ್ಲದ ಅಮೆರಿಕದ ಪ್ರತಿಯಲ್ಲಿ ಒಂದು ತೂತು ಇತ್ತು. ಬ್ಲಾಂಡಿ, ಟುಕೊ ಖೈದಿಗಳ ಶಿಬಿರ ತಲುಪಿದಾಗ ಏಂಜಲ್ ಐಸ್ ಸಮವಸ್ತ್ರ ಹಾಕಿಕೊಂಡು ಅಲ್ಲೇ ಕೂತಿರುತ್ತಾನೆ. ಹೇಗೆ ಬಂದ? ಸುಮ್ನೆ ಒಪ್ಪಿಕೊಳ್ಳಬೇಕಿತ್ತು. ಕಥೆಯ ಆ ಕೊಂಡಿ ಇದ್ದದ್ದು ಹೆಸರೇ ಇಲ್ಲದ ಸಾರ್ಜೆಂಟ್ ಹತ್ತಿರ.

ಸಾರ್ಜೆಂಟ್ ಆದವರು ಬಾರ್ಸಿಲೋನಾದ ವಿಕ್ಟರ್ ಇಸ್ರಾಯೆಲ್. ದೊಡ್ಡ ಕಣ್ಣು, ಒಮ್ಮೆ ನೋಡಿದರೆ ಮರೆಯದ ಮುಖ. ಸ್ಪೇನ್‌ನಲ್ಲಿ ಆ ಕಾಲಕ್ಕೆ ತೆಗೆದ ಕೌಬಾಯ್ ಚಿತ್ರ, ದೆವ್ವದ ಚಿತ್ರಗಳಲ್ಲಿ ಆಗಾಗ ಸಣ್ಣ ಪಾತ್ರದಲ್ಲಿ ಸಿಗುತ್ತಾರೆ. ಅವರು ತೀರಿಕೊಂಡಿದ್ದು 2009ರಲ್ಲಿ. ಅಂದರೆ ಇಂಗ್ಲಿಷ್ ದನಿ ಸೇರಿಸುವಾಗ ಅವರಿನ್ನೂ ಇದ್ದರು.

ಇಲ್ಲಿ ಏಂಜಲ್ ಐಸ್‌ಗೆ ಪ್ರೆಸ್ಕಾಟ್ ದನಿ, ಸಾರ್ಜೆಂಟ್‌ಗೂ ಪರರ ದನಿ. ಅಂದರೆ ದೃಶ್ಯದಲ್ಲಿ ಮುಖದ ಒಡೆಯನಿಗೆ ಸೇರಿದ ಒಂದು ಶಬ್ದವೂ ಇಲ್ಲ. ಆದರೂ ಸೇರಿಸಿದ್ದರಲ್ಲೆಲ್ಲ ಅತಿ ಸಲೀಸಾಗಿ ಹೋಗುವುದು ಇದೇ. ಪ್ರೆಸ್ಕಾಟ್ ಅವರು ವಾನ್ ಕ್ಲೀಫ್‌ನ ನಿಧಾನವನ್ನು, ಆ ತಣ್ಣನೆ ಹರಿತವನ್ನು ಚೆನ್ನಾಗಿ ಹಿಡಿದಿದ್ದಾರೆ. ಹುಷಾರಾಗಿ ಕೇಳಿದರೆ ಬೇರೆ ಅಂತ ಗೊತ್ತಾಗುತ್ತದೆ, ಆದರೆ ಕಿರಿಕಿರಿ ಆಗಲ್ಲ. ಸಾರ್ಜೆಂಟ್ ವಿಷಯದಲ್ಲಂತೂ ಪ್ರಶ್ನೆಯೇ ಏಳಲ್ಲ. ಇಸ್ರಾಯೆಲ್ ಅವರ ಇಂಗ್ಲಿಷ್ ದನಿ ಹೇಗಿರುತ್ತಿತ್ತು ಅಂತ ಯಾರ ಕಿವಿಯಲ್ಲೂ ಅಳತೆ ಇಲ್ಲ. ಕೊಟ್ಟದ್ದನ್ನು ನಾವು ಅವನದೇ ಅಂತ ಇಸಿದುಕೊಳ್ಳುತ್ತೇವೆ.

2003ರ ಪ್ರತಿಯ ಬಗ್ಗೆ ಅಭಿಮಾನಿಗಳು ಮಾಡಿದ ದೂರುಗಳಲ್ಲಿ ಮುದಿ ದನಿಯದೇ ಮೊದಲು. ಗುಂಡಿನ ಸದ್ದು ಬದಲಾಯಿಸಿದ್ದರ ಬಗ್ಗೆಯೂ ಬೈದರು. ಸಾರ್ಜೆಂಟ್‌ನ ದನಿ ನಕಲಿ ಅಂತ ಸಿಟ್ಟಾದವರು ನನಗಂತೂ ಸಿಕ್ಕಿಲ್ಲ. ಅದರಲ್ಲಿ ಒಂದು ಅನ್ಯಾಯ ಇದೆ ಅನ್ನಿಸುತ್ತದೆ. ಈಸ್ಟ್‌ವುಡ್‌ಗೆ ತಮ್ಮ ದನಿಯೇ ಅಡ್ಡ ಬಂತು, ಯಾಕೆಂದರೆ ಅದನ್ನು ಕೋಟಿ ಜನ ಬಲ್ಲರು. ಇಸ್ರಾಯೆಲ್‌ಗೆ ಯಾವ ದನಿ ಹಾಕಿದರೂ ನಡೆಯಿತು.

ನನ್ನನ್ನು ಕೇಳಿದ್ದರೆ ಏನು ಹೇಳುತ್ತಿದ್ದೆ? ಬ್ಲಾಂಡಿಗೆ 36ರ ಹರೆಯದ, ಹೆಸರಿಲ್ಲದ ಒಬ್ಬ ಕಂಠ ಕಲಾವಿದನನ್ನು ಹಾಕಿ ಅನ್ನುತ್ತಿದ್ದೆ. ಈಸ್ಟ್‌ವುಡ್ ಸ್ಟುಡಿಯೋಗೆ ಬಂದು ಕೂತು ಅವನಿಗೆ ಹೇಳಿಕೊಡಲಿ. ಪ್ರಚಾರಕ್ಕೆ ಇದು ಚೆನ್ನಾಗಿರುತ್ತಿರಲಿಲ್ಲ, ಒಪ್ಪುತ್ತೇನೆ. ಖುದ್ದು ಈಸ್ಟ್‌ವುಡ್ ಮರಳಿ ಬಂದರು ಅನ್ನುವ ಸುದ್ದಿಗೆ ಇರುವ ಬೆಲೆಯೇ ಬೇರೆ.

2017ರಲ್ಲಿ 161 ನಿಮಿಷದ ಹಳೇ ಅಮೆರಿಕನ್ ಪ್ರತಿ ಬ್ಲೂ-ರೇ ಆಗಿ ಬಂತು. ಈಗ ಆಯ್ಕೆ ನೋಡುವವರ ಕೈಯಲ್ಲಿದೆ. ನಾನು ಚಿಕ್ಕದನ್ನೇ ಹಾಕುತ್ತೇನೆ. ಶಿಬಿರದ ದೃಶ್ಯ ಬರುವ ಮೊದಲು ನಿಲ್ಲಿಸಿ, ಉದ್ದದ ಪ್ರತಿಯಿಂದ ಹಾಳು ಕೋಟೆಯದನ್ನಷ್ಟೇ ನೋಡಿಕೊಂಡು ಬರುತ್ತೇನೆ. ಸಾರ್ಜೆಂಟ್ ಬಾಟಲಿಗೆ ಕೈ ಚಾಚುವ ಜಾಗದಲ್ಲಿ ಒಮ್ಮೆ ದನಿ ಪೂರ್ತಿ ಇಳಿಸಿ ನೋಡಿದೆ. ದೊಡ್ಡ ಕಣ್ಣು ಬಾಟಲಿಯ ಮೇಲೆ, ತುಟಿ ಏನೋ ಹೇಳುತ್ತಿದೆ. ಎಷ್ಟು ಹೊತ್ತು ನೋಡಿದರೂ ಅದು ಯಾವ ಭಾಷೆ ಅಂತ ನನಗೆ ಹೇಳಲಾಗಲಿಲ್ಲ.